ಸಡಿಲ ಬಿಟ್ಟ ಎರಡು ಎಳೆ

ಬೆಲ್ಲದ ಬಾಗೇವಾಡಿಯ ರಾಚಪ್ಪ ಮೂವತ್ತು ವರ್ಷಗಳಿಂದ ತಂತಿ ಬೇಲಿ ಕಟ್ಟುತ್ತಾನೆ, ಕಟ್ಟಿದ್ದನ್ನು ಕಾಯುತ್ತಾನೆ. ಬೇಲಿಯ ಬಾಜೂ ನಡೆಯುತ್ತ ಒಂದೊಂದೇ ಎಳೆಯನ್ನು ಹೆಬ್ಬೆರಳಿನಿಂದ ಮೀಟಿ ಸದ್ದು ಕೇಳುತ್ತಾನೆ. ಸದ್ದು ಸರಿಯಿದ್ದರೆ ಮುಂದೆ, ಇಲ್ಲದಿದ್ದರೆ ಅಲ್ಲೇ ನಿಂತು ಇಕ್ಕಳ ತೆಗೆಯುತ್ತಾನೆ. ಬಿಸಿಲಲ್ಲಿ ಪೂರ್ತಿ ಬಿಗಿದರೆ ಚಳಿಗಾಲಕ್ಕೆ ತಂತಿ ಸೆಟೆದು ಮೂಲೆಯ ಕಲ್ಲುಕಂಬವನ್ನೇ ಕೀಳುತ್ತದೆ ಎಂದು ಹೊತ್ತು ನೋಡಿ ಎಳೆಯುತ್ತಾನೆ. "ತಂತಿ ಎಳಿಯಾಕೂ ಪಂಚಾಂಗ ತಗಸ್ರಿ," ಎಂದು ಹೆಂಡತಿ ಸಾತವ್ವ ಕೆಣಕುವುದುಂಟು. ಅವನು ನಗುವುದಿಲ್ಲ. ಕೆಲಸದ ವಿಷಯದಲ್ಲಿ ಅವನಿಗೆ ನಗು ಕಡಿಮೆ, ಜಂಬ ಜಾಸ್ತಿ.

ಆ ಜಂಬಕ್ಕೆ ಕಾರಣವೂ ಇತ್ತು. ಹತ್ತರಗಿಯ ಹತ್ತಿರ ಶಿವಾನಂದ ಅವರ ದನದ ಫಾರ್ಮಿನಲ್ಲಿ ಎಂಬತ್ತು ದನಗಳಿವೆ. ಒಂದು ಮಗ್ಗುಲಿಗೆ ಹೆದ್ದಾರಿ. ಎಂಟು ವರ್ಷದ ಹಿಂದೆ ಅಲ್ಲಿ ಐದೆಳೆಯ ಬೇಲಿ ಕಟ್ಟಿದವನು ರಾಚಪ್ಪ. ಅಂದಿನಿಂದ ಒಂದೇ ಒಂದು ದನ ಹೊರಗೆ ಬಿದ್ದಿರಲಿಲ್ಲ. ನಾನು ಹಾಲಿನ ಡೇರಿಯ ಕಾರ್ಯದರ್ಶಿ. ದಿನಾ ಬೆಳಿಗ್ಗೆ ಹಾಲಿನ ಫ್ಯಾಟ್ ನೋಡಲು ಅಲ್ಲಿಗೆ ಹೋಗುತ್ತೇನೆ. ಹೋದಾಗಲೆಲ್ಲ ಅವನು ಈ ಲೆಕ್ಕ ಒಪ್ಪಿಸದೆ ಬಿಟ್ಟವನಲ್ಲ.

ಹೀಗಿದ್ದವನ ಬೇಲಿಯಲ್ಲಿ, ಹಿಂದಿನ ಮೂಲೆಯ ಎರಡು ಕಂಬಗಳ ನಡುವೆ, ಕೆಳಗಿನ ಎರಡು ಎಳೆ ಸದಾ ಸಡಿಲ. ಅದನ್ನು ನಾನು ಕಂಡದ್ದು ಆರು ವರ್ಷದ ಹಿಂದೆ. ಆ ಮೂಲೆಗೆ ಯಾವ ಕೆಲಸಕ್ಕೆ ಹೋಗಿದ್ದೆ ಎಂದು ಕೇಳಬೇಡಿ. ಅಷ್ಟುದ್ದಕ್ಕೆ ತಂತಿಯ ಮುಳ್ಳು ಕತ್ತರಿಸಿ, ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಒಬ್ಬ ಮುದುಕಿ ಕವಲುಕೋಲಿನಿಂದ ತಂತಿ ಎತ್ತಿ, ಹೊಟ್ಟೆಯ ಮೇಲೆ ತೆವಳಿ ಒಳಗೆ ಬಂದಳು. ಕೈಯಲ್ಲಿ ವಿಭೂತಿ, ಹೂವು.

ಅವಳು ಹತ್ತರಗಿಯ ಕಾಶೆವ್ವ. ಆ ಮೂಲೆ ಮೊದಲು ಅವಳ ಹೊಲ. ಗಂಡ ವೀರಪ್ಪನನ್ನು ಅವರ ಪದ್ಧತಿಯಂತೆ ಹೊಲದಲ್ಲೇ ಮಣ್ಣು ಮಾಡಿದ್ದರು. ಮಗ ಮಲ್ಲೇಶ ಹೊಲ ಮಾರಿ ಯಮಕನಮರಡಿಯಲ್ಲಿ ಟಾಯರ್ ಅಂಗಡಿ ಇಟ್ಟ. ಹೊಲದ ಜೊತೆ ಸಮಾಧಿಯೂ ಫಾರ್ಮಿನೊಳಗೆ ಸೇರಿತು. ಬೇಲಿಯ ಕೊನೆಯ ಅಂಕಣ ಕಟ್ಟುವ ದಿನ ಕಾಶೆವ್ವ ಹೂವು ಹಿಡಿದು ಬಂದು ಹೊರಗೆ ನಿಂತಿದ್ದಳಂತೆ. ಏನೂ ಕೇಳಲಿಲ್ಲ. ರಾಚಪ್ಪನೂ ಏನೂ ಹೇಳದೆ ಎರಡು ಎಳೆ ಸಡಿಲ ಬಿಟ್ಟ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಅವಳ ದಾರಿ ಅದೇ.

"ಶಿವಾನಂದ ಅವರಿಗೆ ಒಂದು ಮಾತು ಕೇಳಬಾರದ?" ಎಂದಿದ್ದೆ.

"ಕೇಳಿದ್ರ ಒಂದ ದಿನಾ ಇಲ್ಲ ಅಂತಾರ, ಅಲ್ಲಿಗಿ ಮುಗೀತು," ಎಂದ ರಾಚಪ್ಪ. "ಕೇಳದಿದ್ರ ಇಲ್ಲ ಅನ್ನಾಕ ಅವರಿಗಿ ಬರೂದಿಲ್ಲ."

ಈ ಜಾಣತನಕ್ಕೆ ನಾನು ತಲೆದೂಗಿದೆ. ಅವನ ಮೇಲೆ ಗೌರವವೂ ಹೆಚ್ಚಿತು.

ಈ ವರ್ಷ ವೈಶಾಖದಲ್ಲಿ ಒಂದು ಕರು ಆ ಸಂದಿಯಲ್ಲಿ ನುಸುಳಿತು. ಕಬ್ಬಿನ ಗದ್ದೆ ಸುತ್ತಿ ಹೆದ್ದಾರಿ ಸೇರಿ ಕಾಲು ಮುರಿದುಕೊಂಡು ಬಿತ್ತು. ಶಿವಾನಂದ ಕೂಗಾಡುವ ಮನುಷ್ಯನಲ್ಲ. ಬಂದು ಸಡಿಲ ಎಳೆಗಳನ್ನು ನೋಡಿದರು, ಟ್ಯೂಬನ್ನೂ ನೋಡಿದರು. ಹರಿದ ತಂತಿಗೆ ಸುತ್ತಿದ ತೇಪೆ ಎಂದುಕೊಂಡರೋ ಏನೋ.

"ರಾಚಪ್ಪ, ನಿನ್ನ ಕೈ ಸೋತಾವು. ಮಳಿಗಾಲ ಮುಗಿದ ಮ್ಯಾಲ ಕರೆಂಟಿನ ಬೇಲಿ ಹಾಕಸೂನು. ವಾಯರಿಂಗ್ ಮಾಡೂ ಯಲ್ಲೇಶಗ ಆ ಕೆಲಸ ಬರತೈತಿ. ಅಲ್ಲೀತನಕ ಇದನ್ನ ನನ್ನ ಕಣ್ಣ ಮುಂದ ಎಳಿ."

ನಿಜ ಹೇಳಿದ್ದರೆ ಅವನ ಹೆಸರು ಉಳಿಯುತ್ತಿತ್ತು, ಕರುವಿನ ತಪ್ಪು ಕಾಶೆವ್ವನ ತಲೆಗೆ ಬರುತ್ತಿತ್ತು. ರಾಚಪ್ಪ "ಹೂನ್ರಿ, ಕೈ ಸೋತಾವ್ರಿ," ಎಂದ. ಮೂವತ್ತು ವರ್ಷ ದುಡಿದ ಹೆಸರನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟ. ಸಂಜೆಯೊಳಗೆ ಊರಲ್ಲಿ "ರಾಚಪ್ಪನ ಬೇಲಿ ಬಾಗಲಾ ತಗದೈತಂತ" ಎಂಬ ಚಾಷ್ಟಿ, ಗೇಲಿ ಶುರುವಾಯಿತು. ಅವನು ಮಾತ್ರ ನಡು ಮಧ್ಯಾಹ್ನವೇ ಟ್ಯೂಬು ಬಿಚ್ಚಿ, ಹೊಸ ಮುಳ್ಳುತಂತಿ ಹಾಕಿ, ಐದೂ ಎಳೆ ಬಿಗಿದಿದ್ದ. ಸಿಟ್ಟೆಲ್ಲ ಅದರಲ್ಲೇ ಹೋಗಿತ್ತು.

ಐದನೆಯ ದಿನ ಅಮಾವಾಸ್ಯೆ. ನಾನು ಹಾಲು ಅಳೆಯುವಾಗ ರಾಚಪ್ಪ ಹಿಂದಿನ ಮೂಲೆಗೆ ಹೋಗುವುದು ಕಂಡಿತು. ತಡೆಯಲಾರದೆ ನಾನೂ ಹೋದೆ. ಕಾಶೆವ್ವ ಹೊರಗೆ ನಿಂತಿದ್ದಳು. ರಾಚಪ್ಪ ಕೆಳಗಿನ ತಂತಿಯನ್ನು ಕಾಲಿನಿಂದ ತುಳಿದು, ಮೇಲಿನದನ್ನು ಕೈಯಿಂದ ಎತ್ತಲು ನೋಡಿದ. ಅವನೇ ಬಿಗಿದ ತಂತಿ, ಒಂದು ಬೆರಳಿನಷ್ಟೂ ಬಗ್ಗಲಿಲ್ಲ. ಎರಡು ಸಲ ನೋಡಿದ. ಮೂರನೆಯ ಸಲ ಇಕ್ಕಳ ತೆಗೆದು ಕೆಳಗಿನ ಎರಡನ್ನೂ ಕತ್ತರಿಸಿಬಿಟ್ಟ. ತಂತಿ ಚಿಮ್ಮಿ ಮುಂಗೈ ಗೀರಿತು.

"ಏನ ಮಾಡಾಕತ್ತೀರಿ ರಾಚಪ್ಪಣ್ಣ?"

ಶಿವಾನಂದ ಅವರ ಹೆಂಡತಿ ದಾಕ್ಷಾಯಿಣಿ. ಫಾರ್ಮಿನ ಕಾಗದ ಪತ್ರಗಳೆಲ್ಲ ಅವರ ಕೈಯಲ್ಲಿ. ಇನ್ನು ಮುಚ್ಚಿಡುವಂಥದ್ದೇನೂ ಉಳಿದಿರಲಿಲ್ಲ. ರಾಚಪ್ಪ ಮೊದಲಿನಿಂದ ಹೇಳಿದ. "ಕರು ಹೋಗಿದ್ದು ನನ್ನಿಂದರಿ. ಕೈ ಸೋತಿಲ್ಲ, ಬೇಕಂತ ಬಿಟ್ಟಿದ್ನಿ. ನನ್ನ ಕೆಲಸಾ ಬಿಡಸ್ರಿ, ಈ ಎವ್ವಗ ಏನೂ ಅನಬ್ಯಾಡ್ರಿ."

ದಾಕ್ಷಾಯಿಣಿ ಕಾಶೆವ್ವನ ಕೈಯ ಹೂವು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ದಾರಿ ಬಿಟ್ಟೇವಲ್ರಿ. ವೀರಪ್ಪನ ಗದ್ದಗಿಗಿ ಹೋಗಾಕ ಆರು ಫೂಟು ದಾರಿ ಅಂತ ಖರೀದಿ ಪತ್ರದಾಗ ಬರದೈತಿ. ಓದಿ ಹೇಳೇ ಮಲ್ಲೇಶನ ಸಹಿ, ಈಕಿ ಹೆಬ್ಬಟ್ಟ ತಗೊಂಡಾರ. ಬೇಲಿ ಹಾಕೂಮುಂದ ಬಾಗಲಾ ಎಲ್ಲಿ ಬಿಡೂದು ಅಂತ ಯಾರೂ ಬಂದು ಕೇಳಲಿಲ್ಲ. ಬರೂದ ಬಿಟ್ಟಾರ ಅಂತ ನಾವೂ ಸುಮ್ಮನಾದ್ವಿ."

ಮಗ ಹೇಳಿರಲಿಲ್ಲ. ನೋಂದಣಿ ಕಚೇರಿಯ ಗದ್ದಲದಲ್ಲಿ ಓದಿದ್ದು ಕಾಶೆವ್ವನಿಗೆ ಕೇಳಿಸಿರಲಿಲ್ಲ. ಕಂಡವರು ಸುಮ್ಮನಿದ್ದೆವು. ನನಗೆ ವಿಪರೀತ ಸಿಟ್ಟು ಬಂತು, ಹೆಚ್ಚಾಗಿ ನನ್ನ ಮೇಲೆಯೇ. ಓದು ಬಲ್ಲವನು ನಾನು. ಆರು ವರ್ಷ ನೋಡಿ ತಲೆದೂಗಿದವನೂ ನಾನೇ.

ರಾಚಪ್ಪ ತಿರುಗಿ ಉಳಿದ ಮೂರೂ ಎಳೆಗಳನ್ನು ಕತ್ತರಿಸಿ, ತುದಿಗಳನ್ನು ಎಳೆದು ಕಂಬಕ್ಕೆ ಸುತ್ತಿದ. ಎರಡು ಕಂಬಗಳ ನಡುವೆ ಈಗ ಏನೂ ಇರಲಿಲ್ಲ.

ಕಾಶೆವ್ವ ಮುಂದೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೂವನ್ನು ಎದೆಗೆ ಒತ್ತಿಕೊಂಡು, ಎಂಟು ವರ್ಷದ ರೂಢಿಯಂತೆ ಮೊಣಕಾಲೂರಿ ನೆಲಕ್ಕೆ ಬಾಗಿದಳು.

ರಾಚಪ್ಪ ಓಡಿ ಹೋಗಿ ಅವಳ ರಟ್ಟೆ ಹಿಡಿದು ಎಬ್ಬಿಸಿದ.

"ನಿಂತು ಹೋಗ ಎವ್ವಾ," ಎಂದ. ಅಷ್ಟು ಹೇಳುವುದರೊಳಗೆ ಅವನು ಅಳುತ್ತಿದ್ದ.