ರಿಪೇರಿ ಬೇಡವೆಂದ ಭಾವ

ಇವತ್ತು ಬೆಳಿಗ್ಗೆ ನನ್ನ ಮೇಜಿಗೆ ಒಂದು ಪತ್ರಿಕಾ ಪ್ರಕಟಣೆ ಬಂದಿದೆ. ‘ಕರಾವಳಿಯಲ್ಲಿ ಹೃದಯ ಕವಾಟ ಶಸ್ತ್ರಚಿಕಿತ್ಸೆ: ಪ್ರಾದೇಶಿಕ ಒಲವುಗಳು.’ ಮೂರು ಕಾಲಂ ಮಾಡಿ, ಶೀರ್ಷಿಕೆ ಚುರುಕಾಗಿರಲಿ ಎಂದು ಸಂಪಾದಕರ ಟಿಪ್ಪಣಿ. ಚುರುಕು ಶೀರ್ಷಿಕೆಗೆ ನಾನು ಹೆಸರಾದವನು. ಕೆಲವು ವರ್ಷಗಳ ಹಿಂದೆ ನಮ್ಮ ಆರೋಗ್ಯ ಪುರವಣಿಯಲ್ಲಿ ‘ಹೊಸ ಕವಾಟ, ಹೊಸ ಬದುಕು’ ಎಂದು ಕೊಟ್ಟವನು ನಾನೇ. ಅದನ್ನು ಅಕ್ಷರಶಃ ನಂಬಿದ ಓದುಗರು, ನನಗೆ ತಿಳಿದಂತೆ, ಒಬ್ಬರೇ. ನನ್ನ ಅಕ್ಕನ ಗಂಡ.

ಭಾವನ ಮನೆ ದೇರೆಬೈಲಿನಲ್ಲಿ, ಹೋಟೆಲು ನಂತೂರಿನ ಹತ್ತಿರ. ಹೋಟೆಲು ಅವರಿಗೆ ಕಲಿಸಿದ ತತ್ವಶಾಸ್ತ್ರ ಒಂದೇ: ಕೆಟ್ಟದ್ದನ್ನು ರಿಪೇರಿ ಮಾಡಿಸಬಾರದು, ಬದಲಿಸಬೇಕು. ರಿಪೇರಿಯಾದ ಗ್ರೈಂಡರು ಭಾನುವಾರ ಬೆಳಿಗ್ಗೆಯೇ ಕೈಕೊಡುತ್ತದಂತೆ. ಹಾಗಾಗಿ ಅತ್ತಾವರದ ಆಸ್ಪತ್ರೆಯ ಡಾಕ್ಟರು ಸ್ಕ್ಯಾನ್ ನೋಡಿ, “ಕವಾಟ ಸೋರ್ತಾ ಉಂಟು. ಆದರೆ ನಿಮ್ಮದನ್ನೇ ರಿಪೇರಿ ಮಾಡಬಹುದು” ಎಂದಾಗ ಭಾವನ ಮುಖ ಸಪ್ಪಗಾಯಿತು.

“ರಿಪೇರಿಗೆ ಗ್ಯಾರಂಟಿ ಉಂಟಾ ಡಾಕ್ಟ್ರೇ?”

“ಗ್ಯಾರಂಟಿ ಯಾವುದಕ್ಕೂ ಇಲ್ಲ. ಲೋಹದ್ದು ಹಾಕಿದರೆ ಬಾಳಿಕೆ ಬರ್ತದೆ. ಆದರೆ ರಕ್ತ ಹೆಪ್ಪುಗಟ್ಟದ ಹಾಗೆ ಜೀವನಪೂರ್ತಿ ಮಾತ್ರೆ ತಿನ್ನಬೇಕು. ತಪ್ಪಿಸುವ ಹಾಗಿಲ್ಲ.”

ಭಾವ ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ನನ್ನ ಶೀರ್ಷಿಕೆ. “ಪೇಪರಿನಲ್ಲೇ ಬಂದಿದೆಯಲ್ಲ. ಬರೆದವನು ಇವನೇ, ನನ್ನ ಹೆಂಡತಿಯ ತಮ್ಮ.”

ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸಾಧ್ಯವಿದ್ದಲ್ಲಿ ರಿಪೇರಿಯೇ ಉತ್ತಮ ಎಂದು ಆ ಲೇಖನದ ನಾಲ್ಕನೆಯ ಪ್ಯಾರಾದಲ್ಲಿ ಇತ್ತು. ಶೀರ್ಷಿಕೆ ಕೊಡುವವನು ನಾಲ್ಕನೆಯ ಪ್ಯಾರಾದ ತನಕ ಓದಬೇಕೆಂಬ ನಿಯಮ ನಮ್ಮ ವೃತ್ತಿಯಲ್ಲಿಲ್ಲ. ಓದಿಲ್ಲವೆಂದು ಒಪ್ಪಿಕೊಳ್ಳುವ ರೂಢಿಯಂತೂ ಇಲ್ಲವೇ ಇಲ್ಲ. ಡಾಕ್ಟರು ಮತ್ತೆರಡು ಸಲ ಹೇಳಿ ನೋಡಿ, ಕೈಬಿಟ್ಟರು.

ಪ್ರಾದೇಶಿಕ ಒಲವು ಎಂದರೇನೆಂದು ನೀವು ಕೇಳಬಹುದು. ಹಿಂದೆ ನಮ್ಮೂರಿನ ಕೆಟ್ಟ ಹೃದಯಗಳೆಲ್ಲ ಮುಂಬಯಿಗೋ ಮದ್ರಾಸಿಗೋ ಹೊರಡುತ್ತಿದ್ದವು. ಈಗ ಅತ್ತಾವರಕ್ಕೆ ಆಟೋ ಹತ್ತಿದರೆ ಸಾಕು. ಎದೆ ಸೀಳದೆ, ತೊಡೆಯ ರಕ್ತನಾಳದಿಂದಲೇ ಕವಾಟ ಕೂರಿಸುವ ಕಾಲವೂ ಬಂದಿದೆ. ಬದಲಾಗದ್ದೆಂದರೆ, ಯಾರಿಗೆ ಯಾವ ಕವಾಟ ಎಂದು ತೀರ್ಮಾನಿಸುವವರು. ಅವರು ಇಂದಿಗೂ ಮದುವೆಯೂಟದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರೇ.

ಲೋಹದ ಕವಾಟ ಬಂತು. ಮನೆ ಸದ್ದಿಲ್ಲದಿದ್ದಾಗ ಭಾವನ ಎದೆಯಿಂದ ಟಿಕ್ ಟಿಕ್ ಕೇಳುತ್ತಿತ್ತು. “ಒಂದು ಮನೆಗೆ ಎರಡು ಎಂತಕ್ಕೆ?” ಎಂದು ಅಕ್ಕ ಗೋಡೆ ಗಡಿಯಾರ ಇಳಿಸಿದಳು. ಬಂದವರಿಗೆಲ್ಲ ಭಾವ ಹೊಸ ಕಾರು ತೋರಿಸುವಂತೆ ಎದೆ ಕೇಳಿಸುತ್ತಿದ್ದರು.

ಆಮೇಲೆ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆ ಬಂತು. ಆ ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯುವುದು ನಮ್ಮಲ್ಲಿ ಕ್ರಮ. ಒಮ್ಮೆ ಕುಡಿದರೆ ವರ್ಷವಿಡೀ ರೋಗವಿಲ್ಲ ಎಂಬ ನಂಬಿಕೆ. ಎರಡು ಮದ್ದು ಹೊಟ್ಟೆಯೊಳಗೆ ಜಗಳ ಆಡಬಾರದೆಂದು ಭಾವ ಅಂದಿನಿಂದಲೇ ಮಾತ್ರೆಗೆ ರಜೆ ಕೊಟ್ಟರು. ಯಾರಿಗೂ ಹೇಳಲಿಲ್ಲ.

ಹತ್ತು ದಿನ ಕಳೆದು ನಾನು ಮಧ್ಯಾಹ್ನದ ಊಟಕ್ಕೆ ಹೋಗಿದ್ದೆ. “ಅಕ್ಕ, ಮನೆ ಇವತ್ತು ಎಷ್ಟು ಶಾಂತ” ಎಂದೆ. ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. ಭಾವನ ಹಿಂದೆ ಹೋಗಿ ಬೆನ್ನಿಗೆ ಕಿವಿಯಿಟ್ಟಳು.

“ಇವರದ್ದು ಕೇಳುವುದಿಲ್ಲ ಮಾರಾಯ.”

“ಹೊಸ ಗಾಡಿಯಲ್ಲವಾ, ಓಡಿ ಓಡಿ ಸ್ಮೂತ್ ಆಗಿದೆ” ಎಂದರು ಭಾವ. ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡರು.

“ಭಾವ, ಮಾತ್ರೆ?”

“ಕಷಾಯ ಕುಡಿದಿದ್ದೆನಲ್ಲ.”

ಕಾರಿನಲ್ಲಿ ಆಸ್ಪತ್ರೆಗೆ ಹೊರಟವರು ನಂತೂರಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದೆವು. ನಾನು ಹಾರ್ನ್ ಹೊಡೆಯುತ್ತಿದ್ದೆ. ಭಾವ ಪಕ್ಕದಲ್ಲಿರುವ ತಮ್ಮ ಹೋಟೆಲಿನ ಕಡೆಗೂ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ಅವರ ಎದೆಗೆ ಕಿವಿಯಿಟ್ಟು, “ಹಾರ್ನ್ ನಿಲ್ಲಿಸು, ಕೇಳಬೇಕು” ಎಂದಳು. ನಿಲ್ಲಿಸಿದೆ. ಶೀರ್ಷಿಕೆ ಅಚ್ಚಾದ ಮೇಲಷ್ಟೇ ಓದಿದ್ದ ಆ ನಾಲ್ಕನೆಯ ಪ್ಯಾರಾ ಪೂರ್ತಿ ನೆನಪಾದದ್ದು ಆಗಲೇ.

ಕವಾಟಕ್ಕೆ ರಕ್ತ ಹೆಪ್ಪುಗಟ್ಟಿ ಸಿಕ್ಕಿಕೊಂಡಿತ್ತು. ಡ್ರಿಪ್ಪಿನಲ್ಲಿ ಮದ್ದು ಕೊಟ್ಟು ಕರಗಿಸಿದರು. ಮೂರನೆಯ ದಿನ ಅಕ್ಕ ಕಿವಿಯಿಟ್ಟು, “ಬಂತು” ಎಂದಳು. ಭಾವ ಕಣ್ಣು ಬಿಟ್ಟು ಡಾಕ್ಟರನ್ನು ಕೇಳಿದರು: “ಈಗ ಮಾಡಿದ್ದು ಎಂತ?”

“ರಿಪೇರಿ” ಎಂದರು ಡಾಕ್ಟರು.

ಇವತ್ತಿನ ಪ್ರಕಟಣೆಯನ್ನು ಕೊನೆಯ ಸಾಲಿನ ತನಕ ಓದಿದ್ದೇನೆ, ಎರಡು ಸಲ. ‘ಕವಾಟ ಬದಲಿಸುವ ಮೊದಲು ರಿಪೇರಿ ಸಾಧ್ಯವೇ ಕೇಳಿ’ ಎಂದು ಬರೆದೆ. ಚುರುಕಿಲ್ಲವೆಂದು ವಾಪಸು ಬಂತು. ಅದನ್ನೇ ಮತ್ತೆ ಕಳಿಸಿ, ಭಾವನಿಗೆ ಫೋನ್ ಮಾಡಿದೆ.

“ಮಾತ್ರೆ ತಕೊಂಡಿರಾ?”

“ತಕೊಂಡೆ ಮಾರಾಯ. ಸಂಶಯ ಇದ್ದರೆ ಕೇಳು” ಎಂದು ಫೋನನ್ನು ಎದೆಗಿಟ್ಟರು.

ಸಂಪಾದಕರು ಕರೆಯುತ್ತಿದ್ದರು. ನಾನು ಇನ್ನಷ್ಟು ಹೊತ್ತು ಕೇಳುತ್ತಲೇ ಕೂತೆ.