ಉತ್ತರ ಡಿವಿಜನ್‌ಗೆ ಯಾರು ಹೋಗಬೇಕು?

ಗೆಳೆಯರೇ, ಇವತ್ತು ಟೆಕ್ಸಸ್‌ನ ರಿಚರ್ಡ್‌ಸನ್ ಊರಿನ ನಮ್ಮ ಮನೆಯಲ್ಲಿ ಕಾಲೇಜು ಫುಟ್‌ಬಾಲ್‌ನಿಂದಾಗಿ ಊಟ ತಣ್ಣಗಾಯಿತು. ನಮ್ಮ ಕಾನ್ಫರೆನ್ಸ್‌ಗೆ, ಅಂದರೆ ಕಾಲೇಜು ತಂಡಗಳ ಕೂಟಕ್ಕೆ, ಹೊಸ ತಂಡಗಳನ್ನು ಸೇರಿಸಿ ಉತ್ತರ, ದಕ್ಷಿಣ ಎಂದು ಎರಡು ಡಿವಿಜನ್ ಮಾಡುತ್ತಾರಂತೆ.

"ಸಿಂಪಲ್ ಕಣ್ರೀ. ಟೆಕ್ಸಸ್‌ನೋರೆಲ್ಲ ದಕ್ಷಿಣ, ಮಿಕ್ಕೋರು ಉತ್ತರ," ಎಂದ ಮೈಸೂರಿನ ಸತೀಶ. ಟೆಕ್ಸಸ್‌ನದೇ ಆಸ್ಟಿನ್‌ನಲ್ಲಿ ಓದಿದವನು, ಇವತ್ತೂ ಆ ತಂಡದ ಅಂಗಿಯಲ್ಲೇ ಬಂದಿದ್ದ.

ಧಾರವಾಡದ ಸುನಂದಾ ಚಪಾತಿ ಕೆಳಗಿಟ್ಟರು. ಅವರ ಮಗಳು ಉತ್ತರದ ಕಾನ್ಸಸ್ ರಾಜ್ಯದ ಕಾಲೇಜಿನ ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದುತ್ತಾಳೆ. ತಂಡ ಟೆಕ್ಸಸ್‌ಗೆ ಆಡಲು ಬಂದರೆ ಅವಳೂ ಬರುತ್ತಾಳೆ. ಡಿವಿಜನ್ ಬೇರೆಯಾದರೆ ಎರಡೂ ಕಡೆಯವರು ಎದುರಾಗಿ ಆಡುವುದೇ ಕಡಿಮೆ, ಆ ಭೇಟಿಯೂ ಅಪರೂಪ.

"ಉತ್ತರದವರಂದ್ರ ಮಿಕ್ಕೋರೇನ್ರಿ? ಅಲ್ಲಿ ಕರ್ನಾಟಕದಾಗೂ ಹಂಗ, ಇಲ್ಲೂ ಹಂಗ!"

ಸುನಂದಾ ಪರವಾಗಿ ನಾನೂ ರೇಗಿದೆ. "ಹಿಂದೆಯೂ ಹೀಗೇ ಗೆರೆ ಎಳೆದಿದ್ರು. ಉತ್ತರದೋರು ಎಷ್ಟು ಸಲ ಕಪ್ ಮುಖ ನೋಡಿದ್ರು, ನೆನಪಿದ್ಯಾ? ಉತ್ತರಕ್ಕೂ ಸ್ವಾಭಿಮಾನ ಇದೆ!"

"ಸ್ವಾಭಿಮಾನ ನೀವ ಇಟ್ಕೋರಿ," ಎಂದರು ಸುನಂದಾ. "ನನ್ನ ಮಗಳ್ನ ದಕ್ಷಿಣಕ್ಕ ಹಾಕ್ರಿ."

"ಆಗ ಲೆಕ್ಕ ಸರಿಹೋಗಲ್ಲ. ದಕ್ಷಿಣದಿಂದ ಒಂದು ತಂಡ ಉತ್ತರಕ್ಕೆ ಹೋಗ್ಬೇಕು," ಎಂದ ಸತೀಶ.

"ನಿಮ್ಮ ಆಸ್ಟಿನ್‌ನ ಕಳಸ್ರಿ."

ಸತೀಶ ಸೋತು ಇನ್ನೊಂದು ಚಪಾತಿ ಹಾಕಿಸಿಕೊಂಡ. ಹೀಗೆ ನಮ್ಮ ಊಟದ ಮೇಜಿನ ಮಟ್ಟಿಗೆ ಆಸ್ಟಿನ್ ಉತ್ತರಕ್ಕೆ ಹೋಯಿತು, ಕಾನ್ಸಸ್ ದಕ್ಷಿಣಕ್ಕೆ ಬಂತು. ಭೂಗೋಳದ ಮೇಷ್ಟರು ಕ್ಷಮಿಸಬೇಕು. ಅವರಾರೂ ಸುನಂದಾ ಎದುರು ಊಟಕ್ಕೆ ಕೂತವರಲ್ಲ.