ರಾವಸಾಬ ಕಾಕಾ ನೋಡುತ್ತಿದ್ದ ಪೊಲೀಸ

ಸಿನಿಮಾ ನೋಡುವಾಗ ರಾವಸಾಬ ಕಾಕಾ ಹೀರೋನನ್ನೂ ನೋಡುತ್ತಿರಲಿಲ್ಲ, ಖಳನಾಯಕನನ್ನೂ ನೋಡುತ್ತಿರಲಿಲ್ಲ. ಅವರ ಕಣ್ಣು ಹಿಂದುಗಡೆ ಮೂಲೆಯಲ್ಲಿ ನಿಂತಿರುವ, ಒಂದೂ ಮಾತಿಲ್ಲದ ಪೊಲೀಸನ ಮೇಲೆ. ಇನ್‌ಸ್ಪೆಕ್ಟರ್ ಆರೋಪಿಯ ಕುತ್ತಿಗೆ ಹಿಸುಕುತ್ತಿರುತ್ತಾನೆ, ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿರುತ್ತೇನೆ, ಕಾಕಾ ಮಾತ್ರ ಬೆರಳು ಚಾಚಿ, "ಬಾಯಾರ, ಆ ಮೂಲ್ಯಾಗಿನಾವನ್ನ ನೋಡ್ರಿ. ಎಲ್ಲಿ ನೋಡಾಕತ್ತಾನ? ಗ್ವಾಡಿ ನೋಡಾಕತ್ತಾನ!" ಎನ್ನುತ್ತಿದ್ದರು.

"ಅಯ್ಯ, ಅವಂದೇನೈತ್ರಿ ಕಾಕಾ! ನಿಂದ್ರು ಅಂದಾರ, ನಿಂತಾನ" ಎಂದು ನಾನು ರೇಗುತ್ತಿದ್ದೆ.

"ನಿಂದರೂದ ಸಾದಾ ಕೆಲಸ ಅಲ್ರಿ" ಎಂದು ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದರು.

ಹಾರೂಗೇರಿಯಲ್ಲಿ ನಮ್ಮ ಪಕ್ಕದ ಮನೆಯವರು. ಹವಾಲ್ದಾರರಾಗಿ ನಿವೃತ್ತರಾದವರು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಆದ್ದರಿಂದ ಬಾಯಾರ. ನನಗೆ ಇಂಥ ಸಿನಿಮಾಗಳ ಹುಚ್ಚು. ಹಳೆಯ ಚಿತ್ರಗಳಲ್ಲಿ ಪೊಲೀಸರು ಎಲ್ಲ ಮುಗಿದ ಮೇಲೆ ಬೇಡಿ ಹಿಡಿದು ಬರುತ್ತಿದ್ದರು. ಈಗಿನವುಗಳಲ್ಲಿ ಕೇಡು ಠಾಣೆಯೊಳಗಿಂದಲೇ ಹೊರಡುತ್ತದೆ. ಮಂಕು ದೀಪ, ಒದ್ದೆ ರಸ್ತೆ, ನಗುತ್ತ ಮೋಸ ಮಾಡುವ ಅಧಿಕಾರಿ. ಮನೆಯ ಕುರ್ಚಿಯಲ್ಲಿ ಕೂತು ಹೆದರುವುದರಲ್ಲಿ ಒಂದು ಸುಖವಿದೆ, ಸುಳ್ಳು ಯಾಕೆ ಹೇಳಲಿ. ಕಾಕಾನಿಗೂ ಅದೇ ಹುಚ್ಚು ಅಂದುಕೊಂಡಿದ್ದೆ. ಅವರ ಮನೆಯಲ್ಲಿ ಮಾತ್ರ ಅದಕ್ಕೆ ನಿಷೇಧ. "ಜಲ್ಮ ಪೂರಾ ಅದ ಖಾಕಿ ತೊಳದೀನಿ, ಟಿವ್ಯಾಗೂ ಅದನ್ನ ನೋಡಬೇಕೇನ?" ಎಂದು ಶೇವಂತಾ ಕಾಕು ರಿಮೋಟು ಕಸಿದುಕೊಳ್ಳುತ್ತಿದ್ದರು. ಹೀಗಾಗಿ ರವಿವಾರ ಊಟವಾದ ಮೇಲೆ ಕಾಕಾ ನಮ್ಮ ಮನೆಗೆ.

"ಖಾಕಿಗೆ ಹೊಲಸ ಹತ್ತಿದ್ರ ಕಾಣೂದಿಲ್ರಿ ಬಾಯಾರ. ಮಣ್ಣಿನ ಬಣ್ಣದ್ದ ಐತಲ್ಲ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಅವರು ಕೋರ್ಟಿನಲ್ಲಿ ಹೇಳಬೇಕಾದ ಸಾಕ್ಷಿಯೊಂದು ಬಾಕಿ ಇತ್ತು. ಊರಿಗೆಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನಮ್ಮ ಹತ್ತಿರದ ಅನಂತಪುರದ ಕಡೆಯ ಬೀರಪ್ಪನೆಂಬ ಕುರಿ ಕಾಯುವ ಹುಡುಗನನ್ನು ನೀರೆತ್ತುವ ಮೋಟರು ಕದ್ದನೆಂದು ಠಾಣೆಗೆ ಎಳೆದುತಂದಿದ್ದರು. ಯಾವ ಠಾಣೆ ಎಂದು ಇಲ್ಲಿ ಬೇಡ. ಹೊರಗೆ ಬರುವಾಗ ಅವನ ಬಲಗಾಲು ಕೆಲಸಕ್ಕೆ ಬಾರದಂತಾಗಿತ್ತು. ಅವನ ತಾಯಿ ಲಗಮವ್ವ ಬಿಡದೆ ಕೋರ್ಟು ಹತ್ತಿದಳು. ಆರೋಪ ಇದ್ದದ್ದು ಆಗಿನ ಇನ್‌ಸ್ಪೆಕ್ಟರ್ ಸಾಹೇಬರ ಮೇಲೆ. ಅಂದು ಪಹರೆಯಲ್ಲಿದ್ದವರು ಕಾಕಾ.

ಸಾಕ್ಷಿಯ ದಿನ ಹತ್ತಿರ ಬಂದಾಗ, ಒಂದು ರವಿವಾರ ಸಿನಿಮಾ ಅರ್ಧಕ್ಕೆ ಬಂದಿತ್ತು. ಹೊರಗೆ ಕಾರು ನಿಂತಿತು. "ಮನ್ಯಾಗ ಕೇಳಿದ್ರ ರಾವಸಾಬ ಇಲ್ಲಿ ಅದಾರಂತ ಹೇಳಿದ್ರು. ಯಾವ ಸಿನಿಮಾರೀ?" ಎನ್ನುತ್ತ ಬಿಳಿ ಅಂಗಿಯ ಗೃಹಸ್ಥರೊಬ್ಬರು ಒಳಗೆ ಬಂದರು. ಕಾಕಾ ಚಟ್ಟನೆ ಎದ್ದರು. ಉಟ್ಟ ಲುಂಗಿಯಲ್ಲೇ ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದರು. ಅದೇ ಸಾಹೇಬರು, ಈಗ ಇನ್ನೂ ಮೇಲಿನ ಹುದ್ದೆ.

ಕಾಕಾ ಬಿಟ್ಟ ಕುರ್ಚಿಯಲ್ಲೇ ಸಾಹೇಬರು ಕೂತರು. "ಕೂಡ್ರಿ ಕಾಕಾ" ಎಂದೆ. ಅವರು ಕೂಡಲಿಲ್ಲ. ಪರದೆಯ ಮೇಲೆ ಅಧಿಕಾರಿಯೊಬ್ಬ ಸಾಕ್ಷಿಯವನ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದ.

"ನಮ್ಮವರನ್ನ ಎಷ್ಟ ಕೆಟ್ಟ ತೋರಸ್ತಾರ್ರಿ ಬಾಯಾರ! ಆದ್ರೂ ನೋಡಾಕ ಮಜಾ ಐತಿ, ಅಲ್ಲಾ?" ಎಂದರು ಸಾಹೇಬರು. ನಾನು ಚಹಾ ತಂದುಕೊಟ್ಟೆ. ಟಿವಿಯಿಂದ ಕಣ್ಣು ತೆಗೆಯದೆಯೇ ಅವರು ಕೇಳಿದರು: "ರಾವಸಾಬ, ನಿಮ್ಮ ಅಳಿಯಾ ನಿಪ್ಪಾಣ್ಯಾಗ ಅದಾನಲ್ಲ, ನಮ್ಮ ಖಾತೇದಾಗ? ಛಲೋ ಹುಡುಗ. ಇನ್ನೂ ಭಾಳ ವರ್ಷ ನೌಕರಿ ಮಾಡಬೇಕ ಅಂವ."

"ಹೌದ್ರಿ ಸಾಹೇಬ್ರ."

"ವಯಸ್ಸಾತಂದ್ರ ಹಿಂದಿಂದು ನೆನಪ ಉಳಿಯಂಗಿಲ್ಲ. ಕೋರ್ಟಿನವ್ರಿಗೂ ತಿಳಿತೈತಿ."

"ಹೌದ್ರಿ."

ಚಹಾ ಮುಗಿಸಿ, ಛಲೋ ಆಗಿತ್ತೆಂದು ನನಗೆ ಹೇಳಿ, ಹೋದರು. ಇಂಥ ಮಾತು ಸಿನಿಮಾದಲ್ಲಿ ಬಂದರೆ ನಾನು ಶಭಾಷ್ ಅನ್ನುವವಳು! ನನ್ನ ಪಡಸಾಲೆಯಲ್ಲೇ ಕೇಳಿದಾಗ ರಿಮೋಟಿಗೆ ಕೈಹಾಕಿದೆ. ಟಿವಿ ಆರಿಸಿದೆ. ಕಾಕಾ ಇನ್ನೂ ನಿಂತೇ ಇದ್ದರು.

"ರಾಯಬಾಗಕ್ಕ ನನ್ನ ಜೋಡಿ ಬರ್ತೀರೇನ್ರಿ? ಶೇವಂತಾ ಬ್ಯಾಡ. ಆಕಿ ಮುಂದ ನನಗ ಹೇಳಾಕ ಆಗಂಗಿಲ್ಲ" ಎಂದರು. ಏನು ಹೇಳುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ರಾಯಬಾಗದ ಕೋರ್ಟಿನ ಪಡಸಾಲೆಯಲ್ಲಿ ಸಾಹೇಬರು ಕಂಡೊಡನೆ ಕಾಕಾ ಮತ್ತೆ ಸೆಲ್ಯೂಟ್ ಹೊಡೆದರು. ಮುಗೀತು ಕಥೆ, ಅಂದುಕೊಂಡೆ. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು.

ಕಟಕಟೆಯಲ್ಲಿ ವಕೀಲರು ಏನು ನೋಡಿದಿರಿ ಎಂದು ಕೇಳಿದರು.

"ಏನೂ ನೋಡಿಲ್ರಿ."

ಸಾಹೇಬರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಕಾಕಾ ಗಂಟಲು ಸರಿಮಾಡಿಕೊಂಡರು. "ಯಾಕಂದ್ರ ಬಾಗಲಾ ಹಾಕಿತ್ರಿ. ಒಳಗ ಸಾಹೇಬ್ರು ಇದ್ರು, ಹುಡುಗ ಇದ್ದ, ಮತ್ತ್ಯಾರೂ ಇರಲಿಲ್ಲ. ಬಾಗಲಾ ಹಾಕು ಅಂದ್ರು. ನಾನ ಹಾಕಿದೆ. ಹುಡುಗ ಯವ್ವಾ ಯವ್ವಾ ಅಂತ ಚೀರೂದ ಕೇಳತಿತ್ರಿ. ನಾ ಗ್ವಾಡಿ ನೋಡ್ಕೋತ ನಿಂತಿದ್ದೆ."

ಹೊರಗೆ ಲಗಮವ್ವ ಕಾಯುತ್ತಿದ್ದಳು. ಕಾಕಾ ಕೈಮುಗಿದರು. ಆಕೆ ಮುಗಿಯಲಿಲ್ಲ. "ಆವತ್ತ ಬಾಗಲಾ ತಗದಿದ್ರ ನನ್ನ ಮಗ ಇವತ್ತ ಕುರಿ ಹಿಂದ ಹೋಗತಿದ್ದ" ಎಂದಳು. "ಹೌದವ್ವಾ" ಎಂದರು ಕಾಕಾ.

ಅಳಿಯನಿಗೆ ದೂರದೂರಿಗೆ ವರ್ಗವಾಯಿತು. ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ಶೇವಂತಾ ಕಾಕು ಮಾತ್ರ ಎರಡೂ ಹೊತ್ತು ಬಿಸಿ ರೊಟ್ಟಿ ಬಡಿದು ಹಾಕಿದರು. ಕಾಕಾ ರವಿವಾರ ಬರುವುದನ್ನು ಬಿಟ್ಟರು. ಕರೆದರೆ, "ಸಾಕ್ರಿ ಬಾಯಾರ" ಎನ್ನುತ್ತಿದ್ದರು. ತೀರ್ಪು ಬರುವ ಮೊದಲೇ, ಬೇಸಿಗೆಯ ಒಂದು ಬೆಳಿಗ್ಗೆ ತೀರಿಕೊಂಡರು.

ಮಣ್ಣಿಗೆ ಖಾಕಿಯವರು ಒಬ್ಬರೂ ಬರಲಿಲ್ಲ. ಹೆಣ ಎತ್ತುವ ಹೊತ್ತಿಗೆ ಮನೆ ಮುಂದೆ ಟಂಟಂ ರಿಕ್ಷಾ ನಿಂತು, ಕಂಕುಳಲ್ಲಿ ಬಡಿಗೆ ಊರಿಕೊಂಡು ಒಬ್ಬ ಹುಡುಗ ಇಳಿದ. ಬೀರಪ್ಪ. ಜನ ದಾರಿ ಬಿಟ್ಟರು.

"ಇವರ ಏನ್ರಿ?" ಎಂದು ನನ್ನನ್ನು ಕೇಳಿದ.

"ಹೌದಪ್ಪಾ."

"ಬಾಗಲಾ ಹಾಕಿದ ಸಪ್ಪಳ ಅಷ್ಟ ಕೇಳಿದ್ದೆ ನಾ. ಮಾರಿ ನೋಡಿರಲಿಲ್ಲ."

ಹೊತ್ತಾಯಿತೆಂದು ಯಾರೋ ಕಾಕಾನ ಮುಖದ ಮೇಲೆ ಅರಿವೆ ಎಳೆಯಲು ಬಗ್ಗಿದರು. "ತಡೀರಿ" ಎಂದ ಬೀರಪ್ಪ. ಬಡಿಗೆಯ ಮೇಲೆ ಭಾರ ಹಾಕಿ ಬಗ್ಗಿ, ಬಹಳ ಹೊತ್ತು ಆ ಮುಖವನ್ನೇ ನೋಡಿದ.

"ನಮ್ಮ ಅಜ್ಜನಂಗ ಅದಾರಲ್ರಿ" ಎಂದ.